ಕಡೆಯ ದೊರೆಯೂ ಕವಿಯ ಕಣ್ಣೂ

ಅಜ್ಜಂಪುರದ ಸೀಮೆಯ ಒಂದು ಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ನಡೆದ ಒಂದು ಅಲ್ಪ ಸಂಗತಿಯಿಂದ ಈ ಲೇಖನವನ್ನು ಆರಂಭಿಸಲು ವಾಚಕ ಮಹಾಶಯರು ಅಪ್ಪಣೆ ಕೊಡಬೇಕು. ನನ್ನ ಪಾಠವಿಷಯ ಸಂಸ್ಕೃತ. ಚರಿತ್ರೆಯ ಉಪಾಧ್ಯಾಯರು ರಜದಲ್ಲಿದ್ದ ದಿನಗಳಲ್ಲಿ ಅವರ ತರಗತಿಯೂ ನನ್ನ ಪಾಲಿಗೆ ಬರುತ್ತಿತ್ತು. ಅಂಥ ಒಂದು ದಿನ ಹೊಯ್ಸಳರ ಪಾಠವನ್ನು ಮುಗಿಸುತ್ತ, ೧೩೪೨ರಲ್ಲಿ ಮೂರನೆಯ ವೀರಬಲ್ಲಾಳನು ಮಧುರೆಯ ಸುಲ್ತಾನನೊಡನೆ ಕಾದಿ ಮಡಿದನು, ಅಲ್ಲಿಗೆ ಆ ವಂಶದ ಪ್ರಾಬಲ್ಯ ಮುಗಿಯಿತು ಎಂದು ಹೇಳಿ ಪುಸ್ತಕವನ್ನು ಮಡಿಸಿದೆನು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗನು ಎದ್ದು ನಿಂತು, “ಆಮೇಲೆ ಅವನ ಮನೆಯವರು ಏನಾದರು, ಮೇಷ್ಟ್ರೇ?” ಎಂದು ಕೇಳಿದನು. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ” ಎಂದೆನು. ತರಗತಿ ನಕ್ಕಿತು, ಹುಡುಗನು ಕುಳಿತನು. ಆ ಪ್ರಶ್ನೆ ಮಾತ್ರ ನನ್ನ ಮನಸ್ಸಿನಲ್ಲಿ ನಿಂತೇ ಇದ್ದಿತು.

ಕೆಲಸದಿಂದ ನಿವೃತ್ತನಾದ ಮೇಲೆ, ಫಿರ್ದೌಸಿಯ ಷಾಹನಾಮೆಯನ್ನು ವಾರ್ನರ್ ಸಹೋದರರು ೧೯೦೫ರಿಂದ ೧೯೨೫ರವರೆಗೆ ಒಂಬತ್ತು ಸಂಪುಟಗಳಲ್ಲಿ ಪ್ರಕಟಿಸಿದ ಇಂಗ್ಲಿಷ್ ಭಾಷಾಂತರದ ಮೂಲಕ ಓದಿದೆನು. ಸುಮಾರು ಐವತ್ತು ಸಾವಿರ ದ್ವಿಪದಿಗಳ ಆ ಮಹಾಗ್ರಂಥವು ಪಾರಸೀಕ ದೇಶದ ಮೊದಲ ಅರಸನಿಂದ ಹೊರಟು, ಸಾಸಾನೀ ವಂಶದ ಕಡೆಯ ದೊರೆಯಾದ ಮೂರನೆಯ ಯಜ್ದಗಿರ್ದನ ಮರಣದೊಡನೆ ಮುಗಿಯುತ್ತದೆ. ಆ ಕೊನೆಯ ಭಾಗವನ್ನು ಓದುತ್ತಿದ್ದಾಗ, ನಾನು ಕೂರಿಸಿಬಿಟ್ಟ ಹುಡುಗನು ಮತ್ತೆ ಎದ್ದು ನಿಂತಂತಾಯಿತು. ಒಂದು ವಂಶದ ಕಡೆಯ ದೊರೆಯನ್ನು ಕವಿಯಾದವನು ಹೇಗೆ ನೋಡಬೇಕು? ಪಾರಸೀಕರ ಕಡೆಯ ದೊರೆಗೆ ದೊರೆತ ಕವಿದೃಷ್ಟಿಯು ನಮ್ಮ ಹೊಯ್ಸಳನಿಗೆ ಏಕೆ ದೊರೆಯಲಿಲ್ಲ? ಪ್ರಕೃತ ಲೇಖನವು ಈ ಎರಡು ಪ್ರಶ್ನೆಗಳ ವಿಮರ್ಶೆ.

ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಪಾರಸೀಕರ ಪರಿಚಯವಾಗುವುದು ರಘುವಂಶದ ನಾಲ್ಕನೆಯ ಸರ್ಗದಲ್ಲಿ. ರಘುವು ದಿಗ್ವಿಜಯಕ್ಕೆ ಹೊರಟು ನೆಲದ ದಾರಿಯಿಂದ ಅವರ ದೇಶವನ್ನು ಸೇರುತ್ತಾನೆ. ರಣಭೂಮಿಯಲ್ಲಿ ಬಿದ್ದ ಗಡ್ಡದ ತಲೆಗಳನ್ನು ಕವಿಯು ಜೇನುಹುಟ್ಟುಗಳಿಗೆ ಹೋಲಿಸುತ್ತಾನೆ. ಉಪಮೆಯ ಔಚಿತ್ಯವನ್ನು ನಮ್ಮ ಗುರುಗಳು ಅರ್ಧ ಗಂಟೆ ವಿವರಿಸಿದರು. ಆ ತಲೆಗಳಿಗೆ ಹೆಸರಿದ್ದಿರಬಹುದೆಂಬುದು ಗುರುಗಳಿಗಾಗಲಿ ಶಿಷ್ಯರಿಗಾಗಲಿ ತೋರಲಿಲ್ಲ. ಕನ್ನಡದ ಓದುಗರಿಗೆ ಪಾರಸೀಕರ ಅಳು ಕೇಳಿಸಿದ್ದು, ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ಕವಿ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದಾಗ. ಸೋತವರ ಮನೆಯ ದುಃಖವನ್ನು ಗೆದ್ದವರ ಕವಿಯು ಹಾಡಬಹುದೆಂಬ ಪಾಠವು ಅಲ್ಲಿದೆ. ಆದರೆ ಅದು ಬಹು ಹಿಂದಿನ ಮತ್ತೊಂದು ವಂಶದ ಕಥೆ. ಅಲ್ಲಿಯ ದೊರೆ ಸೋತು ಮನೆಗೆ ಬರುತ್ತಾನೆ. ಯಜ್ದಗಿರ್ದನಿಗೆ ಹಿಂದಿರುಗಲು ಮನೆಯೇ ಉಳಿಯಲಿಲ್ಲ.

ಅವನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಾಸಾನೀ ವಂಶವು ೨೨೪ರಲ್ಲಿ ಅರ್ದಶೀರನಿಂದ ಸ್ಥಾಪಿತವಾಗಿ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಆಳಿತು. ಯಜ್ದಗಿರ್ದನು ಖುಸ್ರು ಪರ್ವೀಜನೆಂಬ ಪ್ರಸಿದ್ಧ ಚಕ್ರವರ್ತಿಯ ಮೊಮ್ಮಗ. ತಾತನು ೬೨೮ರಲ್ಲಿ ಕೊಲೆಯಾದ ಮೇಲೆ ನಾಲ್ಕು ವರ್ಷಗಳಲ್ಲಿ ಸಿಂಹಾಸನವು ಒಬ್ಬರಿಂದೊಬ್ಬರಿಗೆ ಕೈಬದಲಾಗುತ್ತ ಬಂದು, ೬೩೨ರಲ್ಲಿ ಬಾಲಕನಾದ ಇವನ ಪಾಲಿಗೆ ಬಂದಿತು. ಸುಮಾರು ೬೩೬ರಲ್ಲಿ ಕಾದಿಸಿಯಾ ರಣರಂಗದಲ್ಲಿ ಅವನ ಸೇನಾಪತಿ ರುಸ್ತಮನು ಅರಬರ ಎದುರಿನಲ್ಲಿ ಮಡಿದನು. ಮರುವರ್ಷ ರಾಜಧಾನಿ ಟೆಸಿಫೋನ್ ಹೋಯಿತು. ೬೪೨ರಲ್ಲಿ ನಹಾವಂದದ ಯುದ್ಧದೊಡನೆ ಕೂಡಿ ನಿಂತು ಕಾದುವ ಶಕ್ತಿಯೂ ಹೋಯಿತು. ಆಮೇಲೆ ಒಂಬತ್ತು ವರ್ಷ ದೊರೆಯು ಪಟ್ಟಣದಿಂದ ಪಟ್ಟಣಕ್ಕೆ ಅಲೆದು, ೬೫೧ರಲ್ಲಿ ಈಶಾನ್ಯದ ಗಡಿಯಾದ ಮರ್ವದ ಬಳಿ ಕೊಲೆಯಾದನು.

ಈ ಮರಣವನ್ನು ತಬರಿ ಮೊದಲಾದ ಚರಿತ್ರಕಾರರು ಬಗೆಬಗೆಯಾಗಿ ಹೇಳಿರುವರು. ಫಿರ್ದೌಸಿಯು ಅವನ್ನೆಲ್ಲ ಬದಿಗಿಟ್ಟು ಒಂದು ಸನ್ನಿವೇಶವನ್ನು ಹಿಡಿದನು. ಮರ್ವದ ಅಧಿಕಾರಿ ಮಾಹೂಯನು ದೊರೆಯ ಅನ್ನವನ್ನುಂಡು ಬೆಳೆದವನು. ಅವನೇ ಹಗೆಯೊಡನೆ ಕೂಡಿಕೊಂಡು ದೊರೆಯನ್ನು ಮೋಸದಿಂದ ಒಂಟಿಯಾಗಿಸುತ್ತಾನೆ. ದೊರೆಯು ಓಡಿ ಹೋಗಿ, ನೀರಿನಿಂದ ತಿರುಗುವ ಒಂದು ಬೀಸುಗಲ್ಲಿನ ಮನೆಯಲ್ಲಿ ಒಣಹುಲ್ಲಿನ ಮೇಲೆ ರಾತ್ರಿಯನ್ನು ಕಳೆಯುತ್ತಾನೆ. ಬೆಳಿಗ್ಗೆ ಗಿರಣಿಯವನು ಹುಲ್ಲಿನ ಮೂಟೆಯನ್ನು ಹೊತ್ತು ಒಳಕ್ಕೆ ಬಂದರೆ, ಮೂಲೆಯಲ್ಲಿ ರತ್ನದ ಕಿರೀಟವೂ ಜರತಾರಿಯ ಉಡುಪೂ ಉಳ್ಳ ಒಬ್ಬನು ಕುಳಿತಿದ್ದಾನೆ! ಬಡವನು ಬೆರಗಾಗಿ, ತನ್ನಲ್ಲಿರುವುದು ಯವೆಯ ರೊಟ್ಟಿ, ಹೊಳೆಯಂಚಿನ ಸೊಪ್ಪು ಮಾತ್ರ ಎನ್ನುತ್ತಾನೆ; ನಮ್ಮ ಸೀಮೆಯಲ್ಲಾಗಿದ್ದರೆ ರಾಗಿಯ ಮುದ್ದೆ, ಸೊಪ್ಪಿನ ಸಾರು ಎನ್ನುತ್ತಿದ್ದನು. ಮೂರು ದಿನಗಳಿಂದ ಹಸಿದಿದ್ದ ದೊರೆಯು, “ಇರುವುದನ್ನು ತಾ, ಅದರೊಡನೆ ಬರ್ಸಮನ್ನೂ ತಾ” ಎನ್ನುತ್ತಾನೆ.

ಬರ್ಸಮ್ ಎಂದರೆ ಅಗ್ನಿಪೂಜಕರಾದ ಆ ಜನರು ಕರ್ಮಕಾಲದಲ್ಲಿ ಕೈಯಲ್ಲಿ ಹಿಡಿಯುವ ಪವಿತ್ರವಾದ ಕಡ್ಡಿಗಳ ಕಟ್ಟು. ನಮ್ಮ ದರ್ಭೆಯ ಬರ್ಹಿಸ್ಸನ್ನು ನೆನಪಿಗೆ ತರತಕ್ಕದ್ದು. ಅದನ್ನು ಹಿಡಿದು ಮೆಲ್ಲನೆ ಮಂತ್ರವನ್ನು ನುಡಿಯದೆ ಅವನು ಅನ್ನವನ್ನು ಮುಟ್ಟನು. ಎಲೆಯ ಮುಂದೆ ಕುಳಿತು ಆಪೋಶನವಿಲ್ಲದೆ ತುತ್ತೆತ್ತದ ಹಿರಿಯರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲವಷ್ಟೆ. ಗಿರಣಿಯವನ ಮನೆಯಲ್ಲಿ ಅಂಥ ವಸ್ತು ಎಲ್ಲಿಯದು? ಅವನು ಕೇಳಿ ತರಲು ಹೋಗುತ್ತಾನೆ. ‘ಇದು ಯಾರಿಗೆ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಸುದ್ದಿ ಮಾಹೂಯನಿಗೆ ಮುಟ್ಟುತ್ತದೆ. ‘ಅವನ ತಲೆಯನ್ನು ತೆಗೆ, ಇಲ್ಲವೇ ನಿನ್ನ ತಲೆ ಹೋಗುವುದು’ ಎಂದು ಅಪ್ಪಣೆಯಾಗುತ್ತದೆ. ಗಿರಣಿಯವನು ಕಣ್ಣೀರು ಸುರಿಸುತ್ತ ಹಿಂದಿರುಗಿ, ಕಿವಿಯಲ್ಲಿ ಗುಟ್ಟು ಹೇಳುವವನಂತೆ ಬಗ್ಗಿ, ಕಠಾರಿಯಿಂದ ಇರಿಯುತ್ತಾನೆ. ಆ ಬಡವನಿಗೆ ಕವಿಯು ಇಟ್ಟಿರುವ ಹೆಸರು ಖುಸ್ರು: ದೊರೆಯ ತಾತನ ಹೆಸರೇ! ತಾತನ ಕಾಲದಲ್ಲಿ ರೋಮಕ ಚಕ್ರವರ್ತಿಗಳನ್ನು ನಡುಗಿಸಿದ ಹೆಸರು ಮೊಮ್ಮಗನ ಕಾಲಕ್ಕೆ ಹಿಟ್ಟಿನ ಧೂಳಿನಲ್ಲಿ ಅಳುತ್ತ ನಿಂತಿದೆ. ಕವಿಯು ಇದನ್ನು ಎತ್ತಿ ತೋರಿಸುವುದಿಲ್ಲ. ಹೆಸರನ್ನು ಹೇಳಿ ಮುಂದೆ ಹೋಗುತ್ತಾನೆ.

ಈ ಭಾಗದಲ್ಲಿ ದೋಷಗಳಿಲ್ಲವೆಂದು ನಾನು ಹೇಳಲಾರೆ. ಕಾದಿಸಿಯಾಕ್ಕೆ ಮುನ್ನ ರುಸ್ತಮನು ತಮ್ಮನಿಗೆ ಬರೆಯುವ ಪತ್ರವು ಬಹು ಪ್ರಸಿದ್ಧವಾದದ್ದು. ಅವನು ಗ್ರಹಗತಿಯನ್ನು ನೋಡಿ ಮುಂದಾಗುವುದನ್ನೆಲ್ಲ ಹೇಳಿಬಿಡುತ್ತಾನೆ. ಆದರೆ ಆ ಭವಿಷ್ಯವನ್ನು ಬರೆದ ಕವಿಯು ಸುಮಾರು ಮೂರು ಶತಮಾನಗಳ ಮೇಲೆ, ಅದೆಲ್ಲವೂ ನಡೆದು ಹೋದ ಮೇಲೆ ಹುಟ್ಟಿದವನು. ೧೦೧೦ರಲ್ಲಿ ಗ್ರಂಥವನ್ನು ಮುಗಿಸಿದವನು. ತನ್ನ ಕಾಲದ ವ್ಯಥೆಯನ್ನೆಲ್ಲ ಸೇನಾಪತಿಯ ಲೇಖನಿಯಲ್ಲಿ ತುಂಬಿದ್ದಾನೆ. ಎಲ್ಲವೂ ನಕ್ಷತ್ರಗಳಲ್ಲಿ ಬರೆದಿದ್ದರೆ ದೊರೆಯು ಮಾಡುವುದಕ್ಕೂ ಬಿಡುವುದಕ್ಕೂ ಏನು ಉಳಿಯಿತು? ವಿಧಿಯ ಮಾತು ಹೆಚ್ಚಾದಷ್ಟೂ ಮನುಷ್ಯನು ಸಣ್ಣವನಾಗುತ್ತಾನೆ. ಮರಣಾನಂತರ ದ್ರೋಹಿಗೆ ಶಿಕ್ಷೆಯಾಗುವ ಭಾಗವೂ ಲೆಕ್ಕವನ್ನು ಸರಿಮಾಡಿದಂತಿದೆಯೇ ಹೊರತು ಮನಸ್ಸಿಗೆ ಏನನ್ನೂ ಸೇರಿಸುವುದಿಲ್ಲ. ಇಷ್ಟಾದರೂ ಗಿರಣಿಯ ಸನ್ನಿವೇಶವೊಂದರಿಂದ ಈ ದೋಷಗಳೆಲ್ಲ ಮರೆತು ಹೋಗುತ್ತವೆ. ಏಕೆಂದರೆ ಅಲ್ಲಿ ದೊರೆಯನ್ನು ಹಿಡಿದುಕೊಟ್ಟದ್ದು ಅವನ ಪಾಪವೂ ಅಲ್ಲ, ಗ್ರಹಚಾರವೂ ಅಲ್ಲ. ಅವನು ಬಿಡಲೊಲ್ಲದ ಒಂದು ನಿಯಮ. ರಾಜ್ಯ, ಸೈನ್ಯ, ಹೆಸರು ಎಲ್ಲವೂ ಹೋದ ಮೇಲೆ ‘ನಾನು ಇಂಥವನು’ ಎನ್ನುವುದಕ್ಕೆ ಅವನಲ್ಲಿ ಉಳಿದದ್ದು ಅದೊಂದೇ. ಅದನ್ನು ಬಿಟ್ಟಿದ್ದರೆ ಇನ್ನೊಂದು ದಿನ ಬದುಕುತ್ತಿದ್ದನೋ ಏನೋ.

ಇದನ್ನು ಕಾಳಿದಾಸನ ಕಡೆಯ ದೊರೆಯೊಡನೆ ಹೋಲಿಸಿ ನೋಡಬೇಕು. ರಘುವಂಶದ ಹತ್ತೊಂಬತ್ತನೆಯ ಸರ್ಗದ ಅಗ್ನಿವರ್ಣನು ಅಂತಃಪುರವನ್ನು ಬಿಟ್ಟು ಹೊರಕ್ಕೆ ಬಾರನು. ಮಂತ್ರಿಗಳ ಒತ್ತಾಯಕ್ಕಾಗಿ ಪ್ರಜೆಗಳಿಗೆ ದರ್ಶನ ಕೊಡಬೇಕಾದಾಗ ಗವಾಕ್ಷದಿಂದ ಒಂದು ಪಾದವನ್ನು ಮಾತ್ರ ಹೊರಗಿಳಿಬಿಡುತ್ತಾನೆ. ಕ್ಷಯರೋಗದಿಂದ ಸಾಯುತ್ತಾನೆ, ಮಂತ್ರಿಗಳು ಅರಮನೆಯ ಉದ್ಯಾನದಲ್ಲೇ ಗುಟ್ಟಾಗಿ ದಹನಮಾಡುತ್ತಾರೆ, ಗರ್ಭಿಣಿಯಾದ ರಾಣಿಗೆ ಅಭಿಷೇಕವಾಗುತ್ತದೆ. ಶಿಲ್ಪದಲ್ಲಿ ಇದಕ್ಕೆ ಎಣೆಯಿಲ್ಲ. ದಿಲೀಪನಿಂದ ಹೊರಟ ಕಾವ್ಯವು ಒಂದು ಪಾದದಲ್ಲಿ ಬಂದು ನಿಂತಿತು. ಆದರೆ ಕಾಳಿದಾಸನ ನ್ಯಾಯ ಸುಲಭವಾದದ್ದು: ದೊರೆ ಕೆಟ್ಟವನಾದನು, ವಂಶ ಕುಂದಿತು. ಓದುಗನು ತಲೆದೂಗಿ ನಿಟ್ಟುಸಿರು ಬಿಡುತ್ತಾನೆ, ಅಳುವುದಿಲ್ಲ. ಲೋಕದಲ್ಲಿ ಕಡೆಯ ದೊರೆಗಳೆಲ್ಲರೂ ಅಗ್ನಿವರ್ಣರಲ್ಲ. ತಾತನ ಸಾಲವನ್ನು ಮೊಮ್ಮಗನು ತೀರಿಸುವುದು ನಮ್ಮ ಹಳ್ಳಿಗಳಲ್ಲಿ ಎಷ್ಟು ಸಾಮಾನ್ಯವೋ ರಾಜವಂಶಗಳಲ್ಲಿಯೂ ಅಷ್ಟೇ ಸಾಮಾನ್ಯ.

ಫಿರ್ದೌಸಿಗೆ ಹತ್ತಿರದವನು ನಮ್ಮ ರನ್ನ. ಅವನ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂದು ಹೆಸರು, ನಾಯಕನು ಭೀಮ, ಭೀಮನ ನೆಪದಲ್ಲಿ ಕೀರ್ತಿತನಾದವನು ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯ. ಆದರೂ ಸಂಜಯನೊಡನೆ ರಣಭೂಮಿಯಲ್ಲಿ ನಡೆದು ಹೋಗುತ್ತ, ಗುರುವಿನ, ತಮ್ಮನ, ಕರ್ಣನ ಶವಗಳ ಮುಂದೆ ನಿಲ್ಲುವ ದುರ್ಯೋಧನನೇ ಓದುಗನ ಮನಸ್ಸಿನಲ್ಲಿ ಉಳಿಯುತ್ತಾನೆ. ಹೊಗಳಿಕೆಗೆಂದು ಹೊರಟ ಕವಿಯನ್ನು ಕರುಣವು ದಾರಿ ತಪ್ಪಿಸಿತು. ಆ ದಾರಿತಪ್ಪೇ ಕನ್ನಡದ ಪುಣ್ಯ. ರನ್ನನು ಜೈನ, ಫಿರ್ದೌಸಿಯು ಮುಸಲ್ಮಾನ, ಎಂದರೆ ಗೆದ್ದವರ ಮತಕ್ಕೆ ಸೇರಿದವನು. ಅವನು ಅಗ್ನಿಪೂಜಕನಾದ ದೊರೆಯ ಬರ್ಸಮನ್ನು ಇಷ್ಟು ಗೌರವದಿಂದ ಕಂಡನೆಂಬುದನ್ನು ನಾವು ಮರೆಯಬಾರದು. ಕವಿಯ ಕಣ್ಣೀರಿಗೆ ಮತಭೇದವಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಪಾರಸೀಕ ದೊರೆಗೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ತಾತನಾದ ಖುಸ್ರುವಿಗೆ ಭಾರತದ ಒಬ್ಬ ಅರಸನು ಕಾಗದ ಕಾಣಿಕೆಗಳನ್ನು ಕಳುಹಿಸಿದನೆಂದು ತಬರಿಯು ಬರೆದಿದ್ದಾನೆ. ಆ ಅರಸನು ಬಾದಾಮಿಯ ಇಮ್ಮಡಿ ಪುಲಕೇಶಿಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮೊಮ್ಮಗನು ನಹಾವಂದದಲ್ಲಿ ಎಲ್ಲವನ್ನೂ ಕಳೆದುಕೊಂಡ ೬೪೨ನೆಯ ವರ್ಷವೇ ಪಲ್ಲವರು ಬಾದಾಮಿಯನ್ನು ಹಿಡಿದ ವರ್ಷವೆಂದೂ ಚರಿತ್ರಕಾರರು ಎಣಿಸುತ್ತಾರೆ. ಆದರೆ ಚಾಲುಕ್ಯವಂಶವು ಪುಲಕೇಶಿಯ ಮಗ ವಿಕ್ರಮಾದಿತ್ಯನಿಂದ ಮತ್ತೆ ಎದ್ದಿತು. ಯಜ್ದಗಿರ್ದನಿಗೆ ನಿಜವಾಗಿ ಸಮನಾದವನನ್ನು ನಾವು ಏಳು ಶತಮಾನ ಈಚೆಗೆ, ನಮ್ಮ ಜಿಲ್ಲೆಯ ನೆಲದಿಂದಲೇ ಎದ್ದ ವಂಶದಲ್ಲಿ ಹುಡುಕಬೇಕು.

ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಮೂಡಿಗೆರೆಯ ತಾಲ್ಲೂಕಿನ ಅಂಗಡಿ. ಅವರ ವೈಭವದ ಗುರುತು ತರೀಕೆರೆಯ ಸಮೀಪದ ಅಮೃತಾಪುರ. ೧೧೯೬ರಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕನು ಅಲ್ಲಿ ಅಮೃತೇಶ್ವರನ ದೇಗುಲವನ್ನು ಕಟ್ಟಿಸಿದನು. ಅಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಯಶೋಧರ ಚರಿತೆಯನ್ನು ಬರೆದ ಕೈಯೇ ನಮ್ಮ ತಾಲ್ಲೂಕಿನ ಈ ಕಲ್ಲಿಗೂ ಮಾತು ಕೊಟ್ಟಿತೆಂಬುದು ಸಣ್ಣ ಹೆಮ್ಮೆಯಲ್ಲ. ಮಂಟಪದ ಹೊರಗೋಡೆಯ ಸುತ್ತಲೂ ರಾಮಾಯಣ ಭಾಗವತ ಭಾರತಗಳ ಕಥೆಯನ್ನು ನೋಡುತ್ತ ಹೋಗುವಾಗಲೆಲ್ಲ ನನಗೆ ಇದೊಂದು ಭಾವನೆ ಬರುತ್ತದೆ: ವಂಶದ ಸೂರ್ಯನು ನೆತ್ತಿಗೇರಿದ್ದಾಗ ಬಾಗಿಲಲ್ಲಿ ಜನ್ನನಂಥ ಕವಿ ಇದ್ದನು; ನೂರನಾಲ್ವತ್ತಾರು ವರ್ಷಗಳ ಮೇಲೆ ಆ ಸೂರ್ಯನು ಮುಳುಗಿದಾಗ ಯಾರಿದ್ದರು?

ಮೂರನೆಯ ಬಲ್ಲಾಳನು ೧೨೯೨ರ ಸುಮಾರಿಗೆ ಪಟ್ಟಕ್ಕೆ ಬಂದು ಐವತ್ತು ವರ್ಷ ಆಳಿದನು. ೧೩೧೧ರಲ್ಲಿ ಮಲ್ಲಿಕ್ ಕಾಫರನು ದೋರಸಮುದ್ರಕ್ಕೆ ಬಂದನು. ಮಗನನ್ನು ದೆಹಲಿಗೆ ಕಳುಹಿಸಬೇಕಾಯಿತು. ೧೩೨೭ರ ಸುಮಾರಿಗೆ ತುಘಲಕನ ಸೈನ್ಯದಿಂದ ರಾಜಧಾನಿಯು ಮತ್ತೆ ಹಾಳಾಯಿತು. ಮುದುಕನಾದ ದೊರೆಯು ಬೀಡನ್ನು ಬದಲಾಯಿಸುತ್ತ, ಬಹುಕಾಲ ತಿರುವಣ್ಣಾಮಲೆಯಲ್ಲಿ ನೆಲೆಸಿ, ಕೈಬಿಡದೆ ಕಾದುತ್ತಿದ್ದನು. ಅವನ ಕೊನೆಯನ್ನು ನಮಗೆ ಹೇಳಿರುವವನು ಆಫ್ರಿಕಾದ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತಾ. ಇವನು ಮಧುರೆಯ ಸುಲ್ತಾನ್ ಘಿಯಾಸುದ್ದೀನನ ನೆಂಟ. ಇಬ್ಬರೂ ಹಿಂದಿನ ಸುಲ್ತಾನನೊಬ್ಬನ ಹೆಣ್ಣುಮಕ್ಕಳನ್ನು ಮದುವೆಯಾದವರು.

ಅವನ ಹೇಳಿಕೆಯ ಸಾರವಿದು. ಬಲ್ಲಾಳನು ಮಧುರೆಯವರ ಕೊಪ್ಪವೆಂಬ ಕೋಟೆಯನ್ನು ಮುತ್ತಿ, ಒಳಗಿನವರಿಗೆ ಅನ್ನ ನೀರಿಲ್ಲದಂತೆ ಮಾಡಿದ್ದನು. ಗೆಲವು ಕೈಗೆ ಬಂದಿದ್ದಿತು. ಕೋಟೆಯವರು, ತಮ್ಮ ಸುಲ್ತಾನನ ಒಪ್ಪಿಗೆಯನ್ನು ತರಿಸಿಕೊಂಡು ಕೋಟೆಯನ್ನು ಬಿಡುವುದಕ್ಕೆ ಅವಧಿಯನ್ನು ಬೇಡಿದರು. ಬಲ್ಲಾಳನು ಹದಿನಾಲ್ಕು ದಿನಗಳ ಅವಧಿಯನ್ನು ಕೊಟ್ಟನು. ಕ್ಷಾತ್ರಧರ್ಮದಲ್ಲಿ ಶರಣೆಂದವರಿಗೆ ಕೊಡತಕ್ಕದ್ದು ಅದು. ಆ ಅವಧಿಯೊಳಗೇ ಸುಲ್ತಾನನು ಆಯ್ದ ಸವಾರರೊಡನೆ ನಡುಮಧ್ಯಾಹ್ನ ಬಂದು ಬಿದ್ದನು. ಹೊಯ್ಸಳರ ಕುದುರೆಗಳು ಮೇಯಲು ಹೋಗಿದ್ದವು, ಪಾಳೆಯವು ವಿಶ್ರಾಂತಿಯಲ್ಲಿತ್ತು. ಎಂಬತ್ತು ವರ್ಷದ ದೊರೆಯು ಕುದುರೆಯನ್ನೇರಲು ಹವಣಿಸುತ್ತಿದ್ದಾಗ ಸೆರೆಯಾದನು. ಸುಲ್ತಾನನು ಮೇಲೆ ಮೇಲೆ ಮರ್ಯಾದೆಯನ್ನು ತೋರಿಸಿ, ಬಿಟ್ಟುಬಿಡುವೆನೆಂದು ಮಾತು ಕೊಟ್ಟು, ಅವನ ಧನವನ್ನೂ ಆನೆ ಕುದುರೆಗಳನ್ನೂ ಸೆಳೆದುಕೊಂಡು, ಆಮೇಲೆ ಕೊಲ್ಲಿಸಿ, ಚರ್ಮವನ್ನು ಸುಲಿಸಿ, ಹುಲ್ಲು ತುಂಬಿಸಿ, ಮಧುರೆಯ ಗೋಡೆಯ ಮೇಲೆ ತೂಗಹಾಕಿಸಿದನು. ಯಾತ್ರಿಕನು ಅದನ್ನು ಕಣ್ಣಾರೆ ಕಂಡೆನೆಂದು ಹೇಳುತ್ತಾನೆ. ತನ್ನ ನೆಂಟನ ಕೃತ್ಯವನ್ನು ಅವನು ಮುಚ್ಚಿಡಲಿಲ್ಲವೆಂಬುದು ಅವನ ದೊಡ್ಡತನ.

ಬೀಸುಗಲ್ಲಿನ ಮನೆಯ ಬರ್ಸಮ್, ಕೊಪ್ಪದ ಬಯಲಿನ ಹದಿನಾಲ್ಕು ದಿನ: ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಸಹೃದಯರನ್ನು ಬೇಡುತ್ತೇನೆ. ಇಬ್ಬರನ್ನೂ ಕೆಡಹಿದ್ದು ದೋಷವಲ್ಲ, ನಿಯಮ. ಒಬ್ಬನು ಊಟದ ಮುಂಚಿನ ವಿಧಿಯನ್ನು ಬಿಡಲಿಲ್ಲ. ಇನ್ನೊಬ್ಬನು ಕೊಟ್ಟ ಮಾತಿನ ಅವಧಿಯನ್ನು ಮೀರಲಿಲ್ಲ. ಮಹಾಕವಿಗೆ ಬೇಕಾದ ಸಾಮಗ್ರಿಯೆಲ್ಲವೂ ಇಲ್ಲಿದೆ. ನಮ್ಮ ವೃದ್ಧನ ಕಥೆಯಲ್ಲಿ ಒಂದು ಹಿಡಿ ಹೆಚ್ಚಾಗಿಯೇ ಇದೆ. ಯಜ್ದಗಿರ್ದನು ಸೋತು ಓಡಿದವನು. ಬಲ್ಲಾಳನು ಗೆಲ್ಲುತ್ತಿದ್ದಾಗ ಕೆಟ್ಟವನು. ಆದರೂ ಹೊಯ್ಸಳರ ಕಾಲದಿಂದ ನಮಗೆ ಉಳಿದು ಬಂದಿರುವ ಕನ್ನಡ ಕಾವ್ಯಗಳಲ್ಲಿ ಈ ಮರಣಕ್ಕೆ ಮೀಸಲಾದ ಒಂದು ಕಾವ್ಯವಿಲ್ಲ.

ಸಂಸ್ಕೃತದಲ್ಲಿ ಒಂದು ಸಮಾಸವಿದೆ. ಬುಕ್ಕರಾಯನ ಸೊಸೆ ಗಂಗಾದೇವಿಯು ತನ್ನ ಪತಿ ಕುಮಾರಕಂಪಣನು ಮಧುರೆಯನ್ನು ಗೆದ್ದ ಕಥೆಯನ್ನು ಮಧುರಾವಿಜಯವೆಂಬ ಕಾವ್ಯವಾಗಿ ಬರೆದಳು. ಅದರ ಹಸ್ತಪ್ರತಿಯು ೧೯೧೬ರಲ್ಲಿ ತಿರುವನಂತಪುರದಲ್ಲಿ ದೊರೆಯಿತು. ಕಡೆಯ ಯುದ್ಧದಲ್ಲಿ ಎದುರಿಗೆ ಬಂದ ಸುಲ್ತಾನನನ್ನು ವರ್ಣಿಸುತ್ತ ಕವಯಿತ್ರಿಯು, ಅವನು ಬಲ್ಲಾಳನ ಸಂಪತ್ತೆಂಬ ಬಳ್ಳಿಗೆ ಕೊಡಲಿಯಾದವನೆಂಬ ಅರ್ಥದ ಒಂದು ವಿಶೇಷಣವನ್ನು ಬಳಸುತ್ತಾಳೆ. ಅಷ್ಟೇ. ರೂಪಕವು ನಿರ್ದುಷ್ಟವಾದದ್ದು. ಆದರೆ ವೈಯಾಕರಣನ ಕಣ್ಣಿನಿಂದ ನೋಡಿದರೆ ಎದೆ ಒಡೆಯುತ್ತದೆ. ಅಲ್ಲಿ ಬಲ್ಲಾಳನು ಬಳ್ಳಿಯೂ ಅಲ್ಲ. ಅವನ ಸಂಪತ್ತು ಬಳ್ಳಿ. ಅವನ ಹೆಸರು ಸಮಾಸದೊಳಗೆ ಅಪ್ರಧಾನವಾಗಿ, ಉಪಸರ್ಜನವಾಗಿ ಅಡಗಿದೆ. ರಾಜ್ಯವನ್ನು ಕಳೆದುಕೊಂಡ ದೊರೆಯು ವಿಭಕ್ತಿಯನ್ನೂ ಕಳೆದುಕೊಂಡನು! ಅದೂ ಹೋಗಲಿ, ಕಂಪಣನು ಕೊಂದ ಸುಲ್ತಾನನು ಬಲ್ಲಾಳನನ್ನು ಕೊಂದವನಲ್ಲ. ನಡುವೆ ಸುಮಾರು ಮೂವತ್ತು ವರ್ಷ ಕಳೆದಿದ್ದುವು. ಘಿಯಾಸುದ್ದೀನನು ಎಂದೋ ಸತ್ತಿದ್ದನು. ಹೊಸ ವಂಶದ ವಿಜಯವು ಹಳೆಯ ವಂಶದ ಸೇಡಿನಂತೆ ಕಾಣಲೆಂದು ಕವಯಿತ್ರಿಯು ಎರಡನ್ನೂ ಒಂದುಗೂಡಿಸಿದಳು.

ಗಂಗಾದೇವಿಯನ್ನು ನಾನು ಹಳಿಯುತ್ತಿಲ್ಲ. ಶತ್ರುವಿನ ಪರಾಕ್ರಮವನ್ನು ಮೊದಲು ಹೇಳಿ, ಅವನನ್ನು ಗೆದ್ದ ನಾಯಕನ ಉತ್ಕರ್ಷವನ್ನು ಆಮೇಲೆ ಹೇಳುವುದು ದಂಡಿಯು ಕಾವ್ಯಾದರ್ಶದಲ್ಲಿ ಮೆಚ್ಚಿದ ಮಾರ್ಗ. ಆ ಮಾರ್ಗದಲ್ಲಿ ಬಲ್ಲಾಳನು ಶತ್ರುವಿನ ಎತ್ತರವನ್ನು ಅಳೆಯುವ ಕೋಲು ಮಾತ್ರ. ನಮ್ಮ ಮಹಾಕಾವ್ಯದ ಲಕ್ಷಣಗಳಲ್ಲಿ ನಾಯಕನ ಅಭ್ಯುದಯವಿದೆ. ಅವನ ಅವಸಾನಕ್ಕೆ ಸ್ಥಳವಿಲ್ಲ. ರೂಪಕಗಳಲ್ಲಿಯೂ ನಾಯಕನ ವಧೆಯನ್ನು ತೋರಿಸಬಾರದೆಂಬ ನಿಷೇಧವಿದೆ. ಭಾಸನ ಊರುಭಂಗವು ಅದನ್ನು ಮೀರಿ ದುರ್ಯೋಧನನ ಮರಣವನ್ನು ರಂಗದ ಮೇಲೆಯೇ ತೋರಿಸಿತು. ಆ ನಾಟಕವೂ ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಗಣಪತಿ ಶಾಸ್ತ್ರಿಗಳಿಂದ ಬೆಳಕಿಗೆ ಬಂದಿತು. ಪಾಠಶಾಲೆಯಲ್ಲಿ ಈ ಲಕ್ಷಣಗಳನ್ನು ಬಾಯಿಪಾಠಮಾಡಿ, ಮುಂದೆ ಮಕ್ಕಳಿಂದಲೂ ಮಾಡಿಸಿದವರಲ್ಲಿ ನಾನೂ ಒಬ್ಬನು. ಅವುಗಳಿಂದ ನಮಗೆ ಬಂದ ಲಾಭವನ್ನು ನಾನು ಬಲ್ಲೆ. ನಷ್ಟವನ್ನು ತಿಳಿಯಲು ಒಬ್ಬ ಪಾರಸೀಕ ಕವಿಯನ್ನು ಓದಬೇಕಾಯಿತು. ‘ಪರೀಕ್ಷೆಗೆ ಬರುವುದಿಲ್ಲ’ ಎಂದು ನಾನು ಹುಡುಗನಿಗೆ ಹೇಳಿದ್ದನ್ನೇ ಲಾಕ್ಷಣಿಕರು ಕವಿಗಳಿಗೆ ಸೌಮ್ಯವಾದ ಮಾತಿನಲ್ಲಿ ಹೇಳಿದ್ದರು.

ಕಾವ್ಯವು ಬಿಟ್ಟದ್ದನ್ನು ಕಲ್ಲು ಬಿಡಲಿಲ್ಲವೆಂಬುದು ನಮ್ಮ ನಾಡಿನ ಭಾಗ್ಯ. ಕಡೂರಿನ ಒಂದು ಕಂಬದ ಮೇಲೆ, ಗಂಗ ಬೂತುಗನ ಅಕ್ಕ ಪಾಂಬಬ್ಬೆಯು ಕೂದಲನ್ನು ತೊರೆದು ಮೂವತ್ತು ವರ್ಷ ತಪಸ್ಸುಮಾಡಿ ೯೭೧ರಲ್ಲಿ ದೇಹವನ್ನು ಬಿಟ್ಟ ಸಂಗತಿಯಿದೆ. ಹಳೆಯಬೀಡಿನಲ್ಲಿ, ಇಮ್ಮಡಿ ಬಲ್ಲಾಳನೊಡನೆ ತನ್ನ ಪ್ರಾಣವನ್ನೂ ಬಿಟ್ಟ ಕುವರ ಲಕ್ಷ್ಮನ ಕಂಬವಿದೆ. ಊರೂರಿನ ವೀರಗಲ್ಲುಗಳಂತೂ ದನಗಳನ್ನು ಬಿಡಿಸಲು ಹೋಗಿ ಸತ್ತ ಅಜ್ಞಾತರ ಕೊನೆಯ ಗಳಿಗೆಯನ್ನು ಕೆತ್ತಿಟ್ಟುಕೊಂಡು ನಿಂತಿವೆ. ಅಭ್ಯುದಯವು ಕಾವ್ಯದ ಪಾಲಾದರೆ ಅವಸಾನವು ಕಲ್ಲುಕುಟಿಗನ ಪಾಲಾಯಿತು.

ಹುಡುಗನ ಪ್ರಶ್ನೆಗೆ ಉತ್ತರವು ದೊರೆತದ್ದೂ ಕಲ್ಲಿನಲ್ಲಿಯೇ. ಬಲ್ಲಾಳನ ಮಗ ವಿರೂಪಾಕ್ಷನು ನಾಲ್ಕನೆಯ ಬಲ್ಲಾಳನೆಂದು ೧೩೪೩ರಲ್ಲಿ ಪಟ್ಟವೇರಿದನು. ಎರಡು ಮೂರು ವರ್ಷಗಳಲ್ಲೇ ಅವನ ಹೆಸರೂ ಮರೆಯಾಗುತ್ತದೆ. ೧೩೪೬ರಲ್ಲಿ ಹರಿಹರನೂ ಅವನ ತಮ್ಮಂದಿರೂ ನಮ್ಮ ಜಿಲ್ಲೆಯ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂದಾನವನ್ನು ಮಾಡಿದರು. ಆ ವರ್ಷದ ಶೃಂಗೇರಿಯ ಶಾಸನದಲ್ಲಿ ಕಿಕ್ಕಾಯಿತಾಯಿಯೆಂಬವಳ ದಾನವೂ ಇದೆ. ಅವಳು ಬಲ್ಲಾಳನ ರಾಣಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಗಂಡನ ಕೊಲೆಯಾಗಿ ನಾಲ್ಕು ವರ್ಷವಾಗಿದೆ. ರಾಜ್ಯವು ಹೊಸಬರ ಕೈಗೆ ಹೋಗಿದೆ. ಆ ಹೊಸಬರು ನಿಂತ ಸ್ಥಳದಲ್ಲಿಯೇ ಮುದುಕಿಯು ತನ್ನ ಪಾಲಿನ ಭೂಮಿಯನ್ನು ಧಾರೆಯೆರೆಯುತ್ತಾಳೆ. ಯಜ್ದಗಿರ್ದನ ಮಗ ಪೇರೋಜನು ಚೀನದೇಶಕ್ಕೆ ಓಡಿ ಹೋಗಿ ಅಲ್ಲಿಯೇ ಮಡಿದನು. ಚಿಯಾನ್‌ಲಿಂಗ್ ಎಂಬಲ್ಲಿ ಚೀನ ಚಕ್ರವರ್ತಿಯ ಸಮಾಧಿಯ ಮುಂದೆ ನಿಂತಿರುವ ಪರದೇಶೀಯರ ಶಿಲಾಪ್ರತಿಮೆಗಳಲ್ಲಿ ಅವನದೂ ಒಂದಿದೆ. ಒಬ್ಬನ ಮಗನು ಪರರಾಜನ ಗೋರಿಯ ಕಾವಲಿಗೆ. ಇನ್ನೊಬ್ಬನ ರಾಣಿಯು ಹೊಸ ರಾಜರ ಉತ್ಸವದ ದಾನಕ್ಕೆ. ಕಡೆಯ ದೊರೆಗಳ ಮನೆಯವರು ಹೀಗೆ ಆಗುತ್ತಾರೆ.

ಪಾರಸೀಕರು ತಮ್ಮ ಕಡೆಯ ದೊರೆಯನ್ನು ಇನ್ನೊಂದು ಬಗೆಯಿಂದಲೂ ಉಳಿಸಿಕೊಂಡರು. ಪ್ರತಿಯೊಬ್ಬ ದೊರೆಯ ಪಟ್ಟದಿಂದ ಹೊಸದಾಗಿ ವರ್ಷವನ್ನೆಣಿಸುವುದು ಅವರ ಪದ್ಧತಿ. ಯಜ್ದಗಿರ್ದನ ಮೇಲೆ ಯಾರಿಗೂ ಪಟ್ಟವಾಗದ ಕಾರಣ ಎಣಿಕೆಯು ನಿಲ್ಲಲೇ ಇಲ್ಲ. ನಮ್ಮ ದೇಶದ ಪಾರ್ಸಿಗಳ ಪಂಚಾಂಗದಲ್ಲಿ ೬೩೨ರಿಂದ ಎಣಿಸುವ ಯಜ್ದಗಿರ್ದೀ ಶಕವು ಈಗಲೂ ನಡೆಯುತ್ತಿದೆ. ಲೆಕ್ಕದ ಪ್ರಕಾರ ಆ ಹುಡುಗ ದೊರೆಯ ಆಳ್ವಿಕೆ ಇನ್ನೂ ಮುಗಿದಿಲ್ಲ. ನಮ್ಮ ಅಜ್ಜಂಪುರದಲ್ಲಿ ಇಂಥದೊಂದು ಅರ್ಧ ಸ್ಮರಣೆಯಿದೆ: ಚಿಕ್ಕದೇವರಾಜರ ಬೆಣ್ಣೆ ಚಾವಡಿಯನ್ನು ಅಮೃತಮಹಲೆಂದು ಕರೆದ ಟಿಪ್ಪುವು ೧೭೯೯ರಲ್ಲಿ ಅಳಿದನು, ಅವನಿಟ್ಟ ಹೆಸರನ್ನು ಹೊತ್ತ ದನಗಳು ಇಂದೂ ಅಲ್ಲಿಯ ಕಾವಲಿನಲ್ಲಿ ಮೇಯುತ್ತಿವೆ.

ಕೊನೆಯದಾಗಿ ತರೀಕೆರೆಯ ಮಾತು. ೧೮೩೦ರ ನಗರದ ದಂಗೆಯಲ್ಲಿ ಸೇರಿದ ತರೀಕೆರೆಯ ಪಾಳೆಯಗಾರರ ಮನೆತನದ ಸರ್ಜಾ ಹನುಮಪ್ಪನಾಯಕನು ೧೮೩೪ರಲ್ಲಿ ಸೆರೆಸಿಕ್ಕಿ ಗಲ್ಲಿಗೇರಿದನು. ಅದು ನಮಗೆ ಏಳೆಂಟು ತಲೆಮಾರುಗಳ ಹಿಂದಿನ ಮಾತು ಮಾತ್ರ. ಪಕ್ಕದ ಚಿತ್ರದುರ್ಗದ ಕಡೆಯ ನಾಯಕನಿಗೆ ತ. ರಾ. ಸುಬ್ಬರಾಯರಂಥ ಕಾದಂಬರಿಕಾರರು ದೊರೆತರು. ೧೯೮೨ರ ‘ದುರ್ಗಾಸ್ತಮಾನ’ದಲ್ಲಿ ಮದಕರಿನಾಯಕನು ದೋಷಗಳ ಮೊತ್ತವಾಗಲಿ ವಿಧಿಯ ಬೊಂಬೆಯಾಗಲಿ ಆಗದೆ ಮನುಷ್ಯನಾಗಿ ನಿಂತಿದ್ದಾನೆ. ಕನ್ನಡಕ್ಕೆ ಶಕ್ತಿಯಿಲ್ಲವೆನ್ನುವವರಿಗೆ ರನ್ನನೊಬ್ಬ, ಇವರೊಬ್ಬರು ಸಾಕಾದ ಉತ್ತರ. ಶಕ್ತಿಯಿದೆ; ಕೊಪ್ಪದ ಬಯಲಿನ ಕಡೆಗೆ ಕಣ್ಣು ತಿರುಗಬೇಕು.

ಅಲ್ಲಿಗೆ ಹೋಗುವ ಕವಿಗೆ ಈ ವೃದ್ಧ ಉಪಾಧ್ಯಾಯನ ವಿಜ್ಞಾಪನೆ ಇಷ್ಟೇ. ಗೋಡೆಯ ಮೇಲೆ ತೂಗಿದ ಚರ್ಮದಿಂದ ಕಾವ್ಯವನ್ನು ಆರಂಭಿಸಬೇಡಿರಿ. ಅದರಿಂದ ಹುಟ್ಟುವುದು ಬೀಭತ್ಸ, ಹೆಚ್ಚೆಂದರೆ ರೋಷ. ಗ್ರಹಗತಿಯಿಂದಲೂ ಆರಂಭಿಸಬೇಡಿರಿ. ಕೋಟೆಯವರು ಅವಧಿಯನ್ನು ಬೇಡಿ ನಿಂತ ಗಳಿಗೆಯಿಂದ ಆರಂಭಿಸಿರಿ. ಮುಪ್ಪಿನ ದೊರೆಯು ಒಂದು ಕ್ಷಣ ಯೋಚಿಸಿರಬೇಕು. ಬೇಡವೆಂದು ಹೇಳಿದವರೂ ಪಕ್ಕದಲ್ಲಿದ್ದಿರಬೇಕು. ಅವನು ಹದಿನಾಲ್ಕು ದಿನವೆಂದನು. ಆ ಮಾತನ್ನು ಆಡಿದಾಗ ಅವನ ಮುಖ ಹೇಗಿತ್ತೆಂಬುದನ್ನು ಹೇಳಬಲ್ಲವನು ಕವಿ.

ನನ್ನ ತರಗತಿಯ ಆ ಹುಡುಗನು ಈಗ ಎಲ್ಲಿಯೋ ಸಂಸಾರಿಯಾಗಿರಬಹುದು. ಈ ಮಾಸಪತ್ರಿಕೆಯು ಅವನ ಮನೆಗೂ ಹೋಗುತ್ತಿದ್ದರೆ, ತಡವಾಗಿಯಾದರೂ ಉತ್ತರವನ್ನು ಸ್ವೀಕರಿಸಬೇಕೆಂದೂ, ನಕ್ಕ ತರಗತಿಯನ್ನೂ ಗದರಿಸಿದ ಮೇಷ್ಟ್ರನ್ನೂ ಕ್ಷಮಿಸಬೇಕೆಂದೂ ಕೋರುತ್ತೇನೆ.